ಕಾರಂತರು, ಗುಬ್ಬಿ ಕಂಪನಿ ಮತ್ತು ನಮ್ಮಣ್ಣನ ಮಗ

‘ಪ್ರಾಯೋಗಿಕ ನಾಟಕ’ ಅಂದರೆ ನಮ್ಮ ಕೊಕ್ಕನೂರಿನ ಕಡೆ ಅರ್ಥ ಒಂದೇ. ಸೀನು ಇರಲ್ಲ, ಹಾಡು ಇರಲ್ಲ, ಯಾರಿಗೂ ತಿಳಿಯಲ್ಲ! ತಪ್ಪೇನಿಲ್ಲ ಬಿಡಿ. ದಾವಣಗೆರೆ ಅಂದರೆ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಅಂತ ತಿಳಿದು ಬೆಳೆದ ಜನ ನಾವು. ಭದ್ರಾ ನಾಲೆಯ ನೀರಲ್ಲಿ ಬೆಳೆದ ಭತ್ತ ಮನೆಗೆ ಬಂತು ಅಂದರೆ ಊರ ಹುಡುಗರಿಗೆ ನಾಟಕದ ಹುಚ್ಚು. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಸೀನರಿ ಬಾಡಿಗೆಗೆ ಬರುತ್ತೆ, ಸ್ತ್ರೀ ಪಾತ್ರಕ್ಕೆ ಹೊರಗಿನ ಕಲಾವಿದೆಯರು ಬರುತ್ತಾರೆ. ಬೆಳಗಿನ ಜಾವದವರೆಗೆ ಆಟ.

ಇದನ್ನೆಲ್ಲ ಈಗ ಯಾಕೆ ಹೇಳ್ತಿದೀನಿ ಅಂದರೆ, ನಮ್ಮಣ್ಣನ ಮಗ ಡಿಗ್ರಿ ಮುಗಿಸಿ, ಹೆಗ್ಗೋಡಿಗೆ ಹೋಗಿ ನೀನಾಸಂ ಸೇರ್ತೀನಿ ಅಂತ ಹಟ ಹಿಡಿದಿದಾನೆ. ಅಣ್ಣನಿಗೆ ನಾಟಕದ ಮೇಲೆ ಸಿಟ್ಟಿಲ್ಲ, ಅವನೇ ಒಂದು ಕಾಲಕ್ಕೆ ನಾಯಕನ ಪಾರ್ಟು ಮಾಡಿದವನು. “ವರ್ಷಕ್ಕೊಂದ್ ಸಲ ಮಾಡ್ಲಿ, ಯಾರ್ ಬ್ಯಾಡ ಅಂದ್ರು? ಅದನ್ನೇ ಕಸುಬು ಮಾಡ್ಕಂಡ್ರೆ ಹೊಟ್ಟಿಗೇನ್ ತಿಂತಾನ? ನೀನೇ ಒಂದೀಟು ಬುದ್ಧಿ ಹೇಳು” ಅಂತ ನನಗೆ ಫೋನು. ನಾನು ಹುಡುಗನಿಗೆ ಬುದ್ಧಿ ಹೇಳುವ ಬದಲು ಅಣ್ಣನಿಗೆ ಬಿ.ವಿ. ಕಾರಂತರ ಕಥೆ ಹೇಳಿದೆ.

1929ರಲ್ಲಿ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಹುಡುಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದು ಎಲ್ಲಿಗೆ? ಗುಬ್ಬಿ ವೀರಣ್ಣನವರ ಕಂಪನಿಗೆ! ಅದೇ ಸೀನು, ಅದೇ ಹಾರ್ಮೋನಿಯಂ. ಆ ವೀರಣ್ಣನವರೇ ಮುಂದೆ ಕಾರಂತರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಸಂಗೀತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಅದೂ ಮುಗಿಯಿತು. ಅಷ್ಟಾಗಿಯೂ ಹೊಟ್ಟೆಪಾಡಿಗೆ ದೆಹಲಿಯ ಒಂದು ಶಾಲೆಯಲ್ಲಿ ಮೇಷ್ಟ್ರ ಕೆಲಸ ಮಾಡಿದರು. (ಈ ಸಾಲು ಕೇಳಿ ಅಣ್ಣ “ನೋಡಿದ್ಯಾ!” ಅಂದ.)

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಮೂರು ನಾಟಕ ಆಡಿಸಿದರು. ಈಡಿಪಸ್, ಕಂಬಾರರ ಜೋಕುಮಾರಸ್ವಾಮಿ, ಲಂಕೇಶರ ಸಂಕ್ರಾಂತಿ. ಒಂದು ಗ್ರೀಕರದು, ಒಂದು ನಮ್ಮ ಬಯಲಾಟದ ಮಣ್ಣಿನದು, ಒಂದು ಬಸವಣ್ಣನ ಕಾಲದ್ದು. ಈಗ ‘ಕ್ಯುರೇಟರ್’ ಅನ್ನೋ ದೊಡ್ಡ ಪದ ಬಂದಿದೆ, ಯಾವ ನಾಟಕದ ಪಕ್ಕ ಯಾವುದನ್ನಿಟ್ಟರೆ ಜನಕ್ಕೆ ಏನು ಹೊಳೆಯುತ್ತೆ ಅಂತ ಯೋಚಿಸುವವನು. ಕಾರಂತರು ಆ ಪದ ಇಲ್ಲದೆಯೇ ಅದನ್ನು ಮಾಡಿದ್ದರು.

ನನಗೆ ಕಾರಂತರಲ್ಲಿ ಇಷ್ಟವಾಗುವುದು, ಅವರು ಪ್ರಯೋಗ ಅಂತ ಹಾಡನ್ನು ಕಿತ್ತು ಎಸೆಯಲಿಲ್ಲ. ಶ್ರೀರಂಗರ ‘ಸತ್ತವರ ನೆರಳು’ ಆಡಿಸುವಾಗ ದಾಸರ ಪದಗಳನ್ನು ತಂದು ಕೂಡಿಸಿದರು. 1979ರಲ್ಲಿ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಅನ್ನು ‘ಬರ್ನಂ ವನ’ ಅಂತ ಹಿಂದಿಯಲ್ಲಿ, ಯಕ್ಷಗಾನದ ಹೆಜ್ಜೆ ಹಾಕಿಸಿ ತೋರಿಸಿದರು. ಆಗ ಅವರು ತಾವು ಕಲಿತ ಅದೇ ನಾಟಕ ಶಾಲೆಯ ನಿರ್ದೇಶಕರು. ಆಮೇಲೆ ಭೋಪಾಲಿನ ಭಾರತ ಭವನದ ರಂಗಮಂಡಲ, ಅಲ್ಲೂ ಬುಂದೇಲಿ, ಮಾಳವಿಯಂಥ ಆಡುಮಾತಿನಲ್ಲಿ ನಾಟಕ. 1989ರಲ್ಲಿ ಮೈಸೂರಿನ ರಂಗಾಯಣ, ಸಂಬಳ ಪಡೆದು ನಾಟಕವನ್ನೇ ಕೆಲಸ ಮಾಡುವ ಕಲಾವಿದರ ತಂಡ. 2002ರಲ್ಲಿ ತೀರಿಕೊಳ್ಳುವವರೆಗೂ ಒಂದು ಕಡೆ ನಿಂತವರಲ್ಲ. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥೆಯ ಹೆಸರೇ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’.

ಎಲ್ಲ ಕೇಳಿ ಅಣ್ಣ ಒಂದೇ ಮಾತು ಹೇಳಿದ: “ಅವ್ರು ಕಾರಂತ್ರು. ಇವ್ನು ನಮ್ ಹುಡ್ಗ.”

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಒಬ್ಬ ಕಾರಂತರ ಹಿಂದೆ ಹೆಸರೇ ಗೊತ್ತಿಲ್ಲದ ಎಷ್ಟು ಜನ ಪಾತ್ರ ಮಾಡಿ, ದೀಪ ಹಿಡಿದು, ಪರದೆ ಎಳೆದು ಮನೆಗೆ ಹೋಗಿದ್ದಾರೋ. ಅವರ ಮನೆಯವರ ಲೆಕ್ಕ ಬೇರೆ ಇರುತ್ತೆ. ಹುಡುಗನಿಗೂ ಇದನ್ನೇ ಹೇಳಿದೆ. ಅವನು, “ಕಾಕಾ, ನಂಗೆ ಕಾರಂತ್ರಾಗೋದ್ ಬ್ಯಾಡ. ಪರದೆ ಎಳಿಯೋದಾದ್ರೂ ಸರಿಯಾಗಿ ಕಲೀತೀನಿ” ಅಂದ.

ನೀನಾಸಂನ ಕೋರ್ಸು ಹತ್ತು ತಿಂಗಳದ್ದು. ಸುಬ್ಬಣ್ಣನವರು 1980ರಲ್ಲಿ ಶುರುಮಾಡಿದ ಶಾಲೆ, ಅಲ್ಲೇ ಊಟ, ಅಲ್ಲೇ ವಾಸ. ಹತ್ತು ತಿಂಗಳು ಅಂದರೆ ಎರಡು ಬೆಳೆ ಅಂತ ಅಣ್ಣ ಲೆಕ್ಕ ಹಾಕ್ತಿದಾನೆ. ಗದ್ದೆಗೆ ಆಳು ಸಿಕ್ಕರೆ ಅರ್ಜಿ ಹಾಕಲಿ ಅನ್ನುವಲ್ಲಿಗೆ ಬಂದಿದೆ. ಆಳು ಇನ್ನೂ ಹುಡುಕ್ತಿದೀವಿ.