ಯುರೋಪಿನ ಮಾವನ ಊರು

ಮೈಸೂರು ಅರಮನೆ ಕಂಡ ಕಣ್ಣಿಗೆ ಚೆತಿನ್ಯೆಯ ಅರಮನೆ ಒಂದು ದೊಡ್ಡ ಬಂಗಲೆ, ಅಷ್ಟೇ. ಬೋಳು ಸುಣ್ಣಕಲ್ಲಿನ ಬೆಟ್ಟಗಳ ನಡುವಿನ ಈ ಪುಟ್ಟ ಊರು ಮಾಂಟೆನೆಗ್ರೊದ ಹಳೆಯ ರಾಜಧಾನಿ. ಅರಮನೆ ಈಗ ಮ್ಯೂಸಿಯಂ.

ಇಲ್ಲಿ ಆಳಿದ್ದು ಪೆಟ್ರೊವಿಚ್ ನ್ಯೆಗೊಶ್ ಮನೆತನ. ಮೊದಲಿಗೆ ಆಳುತ್ತಿದ್ದವರು ಬಿಷಪ್‌ಗಳು. ಅವರಿಗೆ ಮದುವೆಯಿಲ್ಲ, ಹಾಗಾಗಿ ಪಟ್ಟ ಹೆಚ್ಚಾಗಿ ಸೋದರನ ಮಗನಿಗೆ. ನಮ್ಮ ತುಳುನಾಡಿನ ಅಳಿಯಸಂತಾನ ನೆನಪಾಗುತ್ತದೆ. ಆದರೆ ಅಲ್ಲಿ ಸೋದರಿಯ ಮಗ, ಇಲ್ಲಿ ಸೋದರನ ಮಗ. 1852ರಲ್ಲಿ ದಾನಿಲೊ ಬಿಷಪ್ ಪದವಿ ಬೇಡವೆಂದು ಬರಿಯ ದೊರೆಯಾದ, ಮದುವೆಯೂ ಆದ. 1860ರಲ್ಲಿ ಅವನ ಕೊಲೆಯಾದಾಗ ಪಟ್ಟಕ್ಕೆ ಬಂದವನು ಮಾತ್ರ ಮತ್ತೆ ಅಣ್ಣನ ಮಗನೇ, ನಿಕೊಲಾ.

ನಿಕೊಲಾನಿಗೆ ಹನ್ನೆರಡು ಮಕ್ಕಳು, ಒಂಬತ್ತು ಹೆಣ್ಣು. ಬಡ ರಾಜ್ಯದ ಈ ದೊರೆ ಬೀಗತನವನ್ನೇ ರಾಜನೀತಿ ಮಾಡಿಕೊಂಡ. ಇಬ್ಬರು ರಷ್ಯಾದ ರಾಜಮನೆತನಕ್ಕೆ ಸೊಸೆಯರಾದರು. ಯೆಲೆನಾ ಇಟಲಿಯ ರಾಣಿಯಾದಳು. ಜನ ಅವನನ್ನು ಯುರೋಪಿನ ಮಾವ ಎಂದರು. ಹಿರಿಯ ಮಗಳು ಜೋರ್ಕಾಳನ್ನು 1883ರಲ್ಲಿ ಸೆರ್ಬಿಯಾದ ಪೀಟರ್ ಕರಜೋರ್ಜೆವಿಚ್‌ಗೆ ಕೊಟ್ಟ. ಅಳಿಯನಿಗೆ ಆಗ ಸಿಂಹಾಸನವಿರಲಿಲ್ಲ, ಅವನು ದೇಶಭ್ರಷ್ಟ. ಮೊಮ್ಮಗ ಅಲೆಕ್ಸಾಂಡರ್ ಹುಟ್ಟಿದ್ದು ತಾತನ ಊರಾದ ಚೆತಿನ್ಯೆಯಲ್ಲೇ, 1888ರಲ್ಲಿ. 1890ರಲ್ಲಿ ಜೋರ್ಕಾ ಹೆರಿಗೆಯಲ್ಲಿ ತೀರಿಕೊಂಡಳು.

1916ರಲ್ಲಿ ಆಸ್ಟ್ರಿಯದ ಸೇನೆ ನುಗ್ಗಿದಾಗ ನಿಕೊಲಾ ದೇಶ ಬಿಟ್ಟ. 1918ರ ನವೆಂಬರಿನಲ್ಲಿ ಪೊದ್ಗೊರಿತ್ಸಾದ ಸಭೆ ಅವನನ್ನು ಪಟ್ಟದಿಂದಿಳಿಸಿ ರಾಜ್ಯವನ್ನು ಸೆರ್ಬಿಯಾಕ್ಕೆ ಸೇರಿಸಿತು. ಸೆರ್ಬಿಯಾದಲ್ಲಿ ಆಗ ತಂದೆಯ ಪರವಾಗಿ ಅಧಿಕಾರ ನಡೆಸುತ್ತಿದ್ದವನು ಅದೇ ಮೊಮ್ಮಗ. ತಾತ 1921ರಲ್ಲಿ ಫ್ರಾನ್ಸಿನಲ್ಲಿ ಸತ್ತ. ಹೂತದ್ದು ಇಟಲಿಯ ಸಾನ್ ರೆಮೊದಲ್ಲಿ. ಅವನ ಅವಶೇಷಗಳು ಚೆತಿನ್ಯೆಗೆ ಮರಳಿ, ಅರಮನೆಯ ಬಳಿಯ ಪುಟ್ಟ ಚರ್ಚಿಗೆ ಬಂದದ್ದು 1989ರಲ್ಲಿ. ದೇಶ ಮತ್ತೆ ಸ್ವತಂತ್ರವಾಗಲು ಇನ್ನೂ 17 ವರ್ಷ ಬೇಕಿತ್ತು.