ಬೆನ್ನ ಹಿಂದೆ ನಿಂತು ನೋಡಿದವನ ಟಿಪ್ಪಣಿಗಳು

ಕ್ಯಾಪ್‌ಕಾಮ್ ಕಂಪನಿ ತೊಂಬತ್ತರ ದಶಕದಲ್ಲಿ ಹೊರತಂದ ವಿಡಿಯೋ ಗೇಮ್‌ಗಳಲ್ಲಿ ಯಾವುದು ಶ್ರೇಷ್ಠ ಎಂದು ಬಲ್ಲವರನ್ನು ಕೇಳಿ ನೋಡಿ. ಮೊದಲ ನಾಲ್ಕು ಹೆಸರುಗಳಿಗೆ ತಕರಾರೇ ಇರುವುದಿಲ್ಲ: ಸ್ಟ್ರೀಟ್ ಫೈಟರ್ 2, ಮೆಗಾ ಮ್ಯಾನ್ ಎಕ್ಸ್, ರೆಸಿಡೆಂಟ್ ಈವಿಲ್, ಅದರ ಎರಡನೆಯ ಭಾಗ. ಐದನೆಯದಕ್ಕೆ ಬಂದಾಗ ದನಿ ಏರುತ್ತದೆ. ಒಬ್ಬರು ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಅಂದರೆ ಇನ್ನೊಬ್ಬರು ಡಾರ್ಕ್‌ಸ್ಟಾಕರ್ಸ್ ಅನ್ನುತ್ತಾರೆ. ಮತ್ತೊಬ್ಬರು ಬ್ರೆತ್ ಆಫ್ ಫೈರ್ ಹಿಡಿದು ಕೂರುತ್ತಾರೆ. ಆ ಜಗಳ ಅವರಿಗಿರಲಿ. ನನಗೆ ಬಗೆಹರಿಯದೆ ಉಳಿದಿರುವುದು ಬೇರೆಯೇ ಸಂಗತಿಗಳು.

ಮೊದಲೇ ಹೇಳಿಬಿಡುತ್ತೇನೆ, ನಾನು ಆಡುವವನಲ್ಲ, ಆಡುವವರ ಬೆನ್ನ ಹಿಂದೆ ನಿಂತು ನೋಡುವವನು. ಆ ಕಾಲದ ವಿಡಿಯೋ ಗೇಮ್ ಅಂಗಡಿಗಳಲ್ಲಿ ನಮ್ಮಂಥವರ ಸಂಖ್ಯೆಯೇ ಹೆಚ್ಚು. ಕಾಯಿನ್ ಇದ್ದವನು ಒಬ್ಬ, ಅವನಿಗೆ ಬುದ್ಧಿ ಹೇಳುವವರು ಆರು ಜನ.

*

ಸ್ಟ್ರೀಟ್ ಫೈಟರ್ 2 ಬಂದದ್ದು 1991ರಲ್ಲಿ. ಆರಿಸಿಕೊಳ್ಳಲು ಎಂಟು ಜನ, ಕೊನೆಗೆ ಎದುರಾಗುವ ಬಾಸ್‌ಗಳು ನಾಲ್ವರು. ಒಂದು ಜಾಯ್‌ಸ್ಟಿಕ್, ಆರು ಬಟನ್: ಮೂರು ಗುದ್ದಲು, ಮೂರು ಒದೆಯಲು. ಆ ಎಂಟು ಜನರಲ್ಲೊಬ್ಬನಾದ ರ‍್ಯೂ ಅಂಗೈಯಿಂದ ಬೆಂಕಿಯುಂಡೆ ಎಸೆಯಬೇಕಾದರೆ ಕೋಲನ್ನು ಕೆಳಗೆ ಒತ್ತಿ, ಓರೆಗೆ ಹೊರಳಿಸಿ, ಮುಂದಕ್ಕೆ ತಂದು, ಅದೇ ಉಸಿರಿನಲ್ಲಿ ಗುದ್ದಿನ ಬಟನ್ ಒತ್ತಬೇಕು. ನಮ್ಮಲ್ಲಿನ ಪೆಟ್ಟಿಗೆಗಳ ಮೇಲೆ ಇದನ್ನು ಬರೆದಿದ್ದು ನಾನು ಕಂಡಿಲ್ಲ. ಒಬ್ಬನ ಮಣಿಕಟ್ಟು ನೋಡಿ ಇನ್ನೊಬ್ಬ ಕಲಿಯುತ್ತಿದ್ದ. ಕೆಲವರು ಕಲಿತದ್ದು ಯಾರಿಗೂ ಕಾಣಬಾರದೆಂದು ಎಡಗೈಯನ್ನು ಮೈಯಿಂದ ಮರೆಮಾಡಿಕೊಂಡು ಆಡುತ್ತಿದ್ದರು.

ಈ ಆಟದ ಜೀವವೇ ಕಾಂಬೊ ಎನ್ನುತ್ತಾರೆ ಆಡುವವರು. ಒಂದು ಏಟು ತಗುಲಿ ಎದುರಾಳಿ ಇನ್ನೂ ತತ್ತರಿಸುತ್ತಿರುವಾಗಲೇ ಎರಡನೆಯದು, ಮೂರನೆಯದು. ತಡೆಯಲು ಅವನಿಗೆ ಸಂದಿಯೇ ಸಿಗದ ಹಾಗೆ. ಇದನ್ನು ಯಾರೂ ಯೋಚಿಸಿ ಇಟ್ಟದ್ದಲ್ಲ ಎಂಬುದೇ ನನ್ನ ಮೊದಲ ಬೆರಗು. ನಿರ್ಮಾಪಕ ನೊರಿತಾಕಾ ಫುನಮಿಜು ದೋಷ ಹುಡುಕುವ ಕೆಲಸದಲ್ಲಿದ್ದಾಗ, ಕಾರನ್ನು ಗುದ್ದಿ ಪುಡಿ ಮಾಡುವ ಬೋನಸ್ ಸುತ್ತಿನಲ್ಲಿ ಏಟುಗಳ ನಡುವೆ ಇನ್ನೊಂದು ಏಟು ತೂರುತ್ತಿರುವುದು ಕಣ್ಣಿಗೆ ಬಿತ್ತು. ಸಮಯ ಹೊಂದಿಸುವುದು ಎಷ್ಟು ಕಷ್ಟವೆಂದರೆ ಆಡುವವರಿಗೆ ಇದು ದಕ್ಕಲಿಕ್ಕಿಲ್ಲ, ಗುಪ್ತವಾಗಿ ಇದ್ದರೆ ಇರಲಿ ಎಂದು ಬಿಟ್ಟುಬಿಟ್ಟರು. ದಕ್ಕಿತು. 1993ರ ಸೂಪರ್ ಸ್ಟ್ರೀಟ್ ಫೈಟರ್ 2ರ ಹೊತ್ತಿಗೆ ಎಷ್ಟು ಏಟಿನ ಕಾಂಬೊ ಎಂದು ಪರದೆಯೇ ಎಣಿಸಿ ಹೇಳತೊಡಗಿತು. ಅಲ್ಲಿಂದಾಚೆಗೆ ಕಾಂಬೊ ಇಲ್ಲದ ಫೈಟಿಂಗ್ ಗೇಮನ್ನು ಯಾರೂ ಮೂಸಿ ನೋಡಲಿಲ್ಲ.

ಅದೇ ಆಟದಲ್ಲಿ ಇನ್ನೊಂದು ದೋಷವಿತ್ತು. ಅಮೆರಿಕದ ಸೈನಿಕ ಗೈಲ್‌ನಿಂದ ಒಂದು ವಿಚಿತ್ರ ಪಟ್ಟು ಹಾಕಿಸಿದರೆ ಎದುರಾಳಿಗೆ ಕಾಣದ ಕೈಕೋಳ ಬಿದ್ದು ಇಬ್ಬರೂ ಅಂಟಿಕೊಂಡುಬಿಡುತ್ತಿದ್ದರು. ಇನ್ನೊಂದು ಪಟ್ಟಿಗೆ ಇಡೀ ಯಂತ್ರವೇ ರೀಸೆಟ್ ಆಗುತ್ತಿತ್ತು. ಇದನ್ನು ಮುಂದಿನ ಆವೃತ್ತಿಗಳಲ್ಲಿ ಸರಿಪಡಿಸಿದರು. ಎರಡೂ ದೋಷಗಳೇ. ಒಂದು ಇಡೀ ಪ್ರಕಾರಕ್ಕೆ ಅಡಿಪಾಯವಾಯಿತು, ಇನ್ನೊಂದು ಕಸದ ಬುಟ್ಟಿಗೆ ಹೋಯಿತು. ಅಂಗಡಿಯಲ್ಲಿ ಹೆಚ್ಚು ನಗು ಹುಟ್ಟಿಸುತ್ತಿದ್ದದ್ದು ಎರಡನೆಯದು ಅನ್ನುವುದು ಬೇರೆ ಮಾತು. ಯಂತ್ರ ರೀಸೆಟ್ ಆದರೆ ಹಾಕಿದ ಕಾಯಿನ್ ಗೋವಿಂದ.

*

ಸ್ಟ್ರೀಟ್ ಫೈಟರ್ 2ರ ಧಾಲ್ಸಿಮ್ ಬಗ್ಗೆ ಒಂದು ಮಾತು. ಭಾರತದಿಂದ ಬಂದವನು. ಕೊರಳಲ್ಲಿ ತಲೆಬುರುಡೆ, ಬಾಯಲ್ಲಿ ಬೆಂಕಿ, ಕೈಕಾಲು ಮಾರುದ್ದ ಚಾಚುತ್ತವೆ, ಹಿನ್ನೆಲೆಯಲ್ಲಿ ಆನೆಗಳು ಘೀಳಿಡುತ್ತವೆ. ಯೋಗ ಮಾಡಿದರೆ ಹೀಗಾಗುತ್ತದೆ ಎಂದು ಒಸಾಕಾದಲ್ಲಿ ಯಾರೋ ತೀರ್ಮಾನಿಸಿದ್ದರು. ನಮ್ಮವರು ಸಿಟ್ಟಾಗಬೇಕಿತ್ತೋ ಹೆಮ್ಮೆ ಪಡಬೇಕಿತ್ತೋ ಗೊತ್ತಿಲ್ಲ. ನಾನು ನೋಡಿದಷ್ಟು ಮಟ್ಟಿಗೆ ಎರಡೂ ಮಾಡಲಿಲ್ಲ. ದೂರದಲ್ಲೇ ನಿಂತು ತಾಳ್ಮೆಯಿಂದ ಆಡಬೇಕಾದ ಪಾತ್ರ ಅದು. ಕಾಯಿನ್ ಮುಗಿಯುವ ಭಯದಲ್ಲಿರುವವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಎಲ್ಲರೂ ಓಡಿ ಓಡಿ ಕೆನ್‌ನನ್ನೇ ಆರಿಸಿಕೊಳ್ಳುತ್ತಿದ್ದರು.

*

ಒಂದೇ ಆಟವನ್ನು ಎಷ್ಟು ಸಲ ಮಾರಬಹುದು? ಸ್ಟ್ರೀಟ್ ಫೈಟರ್ 2ಕ್ಕೆ 1992ರಲ್ಲಿ ಚಾಂಪಿಯನ್ ಎಡಿಷನ್, ಅದೇ ವರ್ಷದ ಕೊನೆಗೆ ಹೈಪರ್ ಫೈಟಿಂಗ್, 1993ರಲ್ಲಿ ಸೂಪರ್, 1994ರಲ್ಲಿ ಸೂಪರ್ ಟರ್ಬೊ. ಮೂರು ಎಂಬ ಅಂಕಿ ಬರಲು 1997 ಬೇಕಾಯಿತು. ಇದೆಲ್ಲ ದುಡ್ಡಿನಾಸೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಹೈಪರ್ ಫೈಟಿಂಗ್‌ನ ಕತೆ ಅಷ್ಟು ಸರಳವಲ್ಲ. ಕಳ್ಳ ಚಿಪ್ ಹಾಕಿದ ಬೋರ್ಡುಗಳು ಆಗ ಅಮೆರಿಕದ ಅಂಗಡಿಗಳಲ್ಲೆಲ್ಲ ಹಬ್ಬಿದ್ದವು. ಅವುಗಳಲ್ಲಿ ಆಟ ಹುಚ್ಚು ವೇಗದಲ್ಲಿ ಓಡುತ್ತಿತ್ತು, ಗಾಳಿಯಲ್ಲಿ ಹಾರುತ್ತಲೇ ಬೆಂಕಿಯುಂಡೆ ಎಸೆಯಬಹುದಿತ್ತು. ರೇನ್‌ಬೋ ಎಡಿಷನ್ ಅನ್ನುವುದು ಇವುಗಳಲ್ಲೆಲ್ಲ ಕುಖ್ಯಾತ. ಜನಕ್ಕೆ ಅದೇ ಹಿಡಿಸಿಬಿಟ್ಟಿತು. ಹಾಗಾಗಿ ಕ್ಯಾಪ್‌ಕಾಮ್ ತಾನೂ ಆಟದ ವೇಗ ಹೆಚ್ಚಿಸಿ, ಅಂಥದೇ ಕೆಲವು ಚಮತ್ಕಾರಗಳನ್ನು ಹದವಾಗಿ ಬೆರೆಸಿ ಅಧಿಕೃತ ಆವೃತ್ತಿ ತಂದಿತು. ಹೈಪರ್ ಫೈಟಿಂಗ್ ಶ್ರೇಷ್ಠ ಅನ್ನುವವರು ಅದರ ಅರ್ಧ ಹೊಗಳಿಕೆಯನ್ನಾದರೂ ಆ ಅನಾಮಧೇಯ ಕಳ್ಳರಿಗೆ ಸಲ್ಲಿಸಬೇಕಲ್ಲವೇ?

ಕಂಪನಿ ಸಲ್ಲಿಸಿದ್ದು ಬೇರೆ. 1993ರಲ್ಲಿ ಬಂದ ಸಿಪಿಎಸ್-2 ಬೋರ್ಡಿನಲ್ಲಿ ಆಟವನ್ನು ಗೂಢಲಿಪಿಯಲ್ಲಿಟ್ಟು, ಅದನ್ನು ಬಿಡಿಸುವ ಕೀಲಿಯನ್ನು ಬ್ಯಾಟರಿಯ ಆಸರೆಯಲ್ಲಿ ನಿಲ್ಲುವ ಮೆಮೊರಿಯಲ್ಲಿ ಇರಿಸಿತು. ಬಿಚ್ಚಿ ಕೆದಕಿದರೆ ಕೀಲಿ ಮಾಯ. ಸರಿ, ಕಳ್ಳನಿಗೆ ತಕ್ಕ ಶಾಸ್ತಿ. ಆದರೆ ಬ್ಯಾಟರಿ ತಾನಾಗಿಯೇ ಮುಗಿದರೂ ಕೀಲಿ ಮಾಯ. ದುಡ್ಡು ಕೊಟ್ಟು ಕೊಂಡ ಅಂಗಡಿಯವನ ಬೋರ್ಡೂ ಒಂದು ದಿನ ಸುಮ್ಮನೆ ಸತ್ತುಹೋಗುತ್ತದೆ. ಆತ್ಮಹತ್ಯಾ ಬ್ಯಾಟರಿ ಎಂದೇ ಅದಕ್ಕೆ ಹೆಸರು ಬಿತ್ತು. ದಶಕದ ಅತ್ಯುತ್ತಮ ಆಟಗಳಲ್ಲಿ ಎಷ್ಟೋ ಈ ಬೋರ್ಡಿನ ಮೇಲೇ ಇದ್ದವು. ಅವು ಇಂದಿಗೂ ಉಳಿದಿರುವುದರಲ್ಲಿ, 2001ರಿಂದ ಆ ಗೂಢಲಿಪಿಯನ್ನು ಹಂತಹಂತವಾಗಿ ಒಡೆದ ಹವ್ಯಾಸಿಗಳ ಪಾಲೂ ಇದೆ. ಮತ್ತೆ ಕಳ್ಳರೇ!

*

ಈಗ ಮುಸ್ತಫಾ.

ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, 1993. ಮಾರ್ಕ್ ಶುಲ್ಟ್ಜ್ ಎಂಬ ಅಮೆರಿಕದ ಚಿತ್ರಕಥೆಗಾರನ ‘ಕ್ಸೆನೋಜೋಯಿಕ್ ಟೇಲ್ಸ್’ ಕಾಮಿಕ್ ಇದಕ್ಕೆ ಮೂಲ. ನಾಲ್ವರು ನಾಯಕರು: ಜ್ಯಾಕ್ ಟೆನ್ರೆಕ್, ಹ್ಯಾನಾ ಡಂಡೀ, ಮುಸ್ತಫಾ ಕೈರೊ, ಮೆಸ್ ಒಬ್ರಾಡೊವಿಚ್. ಕಥೆಯ ಪ್ರಕಾರ ಹೀರೋ ಜ್ಯಾಕ್. ನಮ್ಮ ದೇಶದ ವಿಡಿಯೋ ಗೇಮ್ ಅಂಗಡಿಗಳಲ್ಲಿ ಜ್ಯಾಕ್‌ನನ್ನು ಕೇಳುವವರಿರಲಿಲ್ಲ. ಓಟದಲ್ಲಿ ಎಲ್ಲರಿಗಿಂತ ಚುರುಕು ಮುಸ್ತಫಾ. ಓಡಿಬಂದು ಹಾರಿ ಒದ್ದನೆಂದರೆ ಸಾಲಾಗಿ ನಿಂತವರೆಲ್ಲ ನೆಲಕ್ಕೆ. ಹಾಗಾಗಿ ಇಡೀ ಆಟಕ್ಕೇ ಅವನ ಹೆಸರು ಅಂಟಿಕೊಂಡಿತು. ಬೆಂಗಳೂರಿನಲ್ಲಾಗಲಿ ಜಿಲ್ಲಾ ಕೇಂದ್ರಗಳಲ್ಲಾಗಲಿ ‘ಮುಸ್ತಫಾ ಗೇಮ್ ಇದೆಯಾ?’ ಎಂದೇ ಕೇಳುತ್ತಿದ್ದರು. ಕ್ಯಾಡಿಲಾಕ್ ಒಂದು ಕಾರಿನ ಹೆಸರು ಎಂಬುದು ಎಷ್ಟು ಜನಕ್ಕೆ ಗೊತ್ತಿತ್ತೋ ದೇವರೇ ಬಲ್ಲ. ಮುಸ್ತಫಾ ಕಾರಿನ ಮೆಕ್ಯಾನಿಕ್ ಎಂಬುದಂತೂ ಯಾರಿಗೂ ಬೇಕಿರಲಿಲ್ಲ.

ಆ ಆಟದಲ್ಲಿ ನೋಡಿ ಮರುಳಾಗುವ ಒಂದು ಸೂಕ್ಷ್ಮವಿದೆ. ಡೈನೋಸಾರ್‌ಗಳು ಶತ್ರುಗಳಲ್ಲ. ಅವನ್ನು ಬೇಟೆಯಾಡುವ ಮನುಷ್ಯರು ಶತ್ರುಗಳು. ದಾರಿಯಲ್ಲಿ ಸಿಕ್ಕ ಪ್ರಾಣಿಗೆ ಯಾರಾದರೂ ಒಂದೇಟು ಕೊಟ್ಟರೆ ಅದು ಕೆರಳಿ, ಬಣ್ಣ ಬದಲಿಸಿ, ಎದುರಿಗೆ ಸಿಕ್ಕವರ ಮೇಲೆ ಬೀಳುತ್ತದೆ, ನಮ್ಮವರು ತಮ್ಮವರು ಎಂಬ ಭೇದವಿಲ್ಲ. ಪಳಗಿದ ಆಟಗಾರರು ಅದನ್ನು ಹುಷಾರಾಗಿ ಬಳಸಿ ಹಾದು ಹೋಗುತ್ತಿದ್ದರು. ಹೊಸಬರು ಕಂಡದ್ದಕ್ಕೆಲ್ಲ ಒದ್ದು, ತಾವೇ ಕೆರಳಿಸಿದ ಡೈನೋಸಾರಿಗೆ ಬಲಿಯಾಗುತ್ತಿದ್ದರು. ಹಿಂದೆ ನಿಂತ ನಮ್ಮ ಆರು ಜನರ ಸಮಿತಿ ‘ಮುಟ್ಟಬೇಡ ಅಂದ್ನಲ್ಲೋ’ ಎಂದು ಕಿರುಚುತ್ತಿದ್ದದ್ದು ಆಗಲೇ.

ಇಷ್ಟಿದ್ದೂ ಶ್ರೇಷ್ಠ ಆಟಗಳ ಪಟ್ಟಿಗಳಲ್ಲಿ ಇದರ ಹೆಸರು ಕಾಣುವುದು ಅಪರೂಪ. ನನಗೆ ತೋಚಿದ ಕಾರಣ ಒಂದೇ: ಈ ಆಟ ಯಾರ ಮನೆಗೂ ಹೋಗಲಿಲ್ಲ. ಸ್ಟ್ರೀಟ್ ಫೈಟರ್ 2 ಸೂಪರ್ ನಿಂಟೆಂಡೊ ಮೇಲೆ 60 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಇದರದ್ದು ಒಂದೂ ಇಲ್ಲ. 1994ರಲ್ಲಿ ಸೆಗಾ ಸಿಡಿಗೆ ಇದೇ ಕಾಮಿಕ್ಕಿನ ಹೆಸರಲ್ಲಿ ಬಂದದ್ದು ಬೇರೆ ಕಂಪನಿ ಮಾಡಿದ ಕಾರು ಓಡಿಸುವ ಆಟ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. 2018ರಲ್ಲಿ ಕ್ಯಾಪ್‌ಕಾಮ್ ತನ್ನ ಹಳೆಯ ಹೊಡೆದಾಟದ ಆಟಗಳಲ್ಲಿ ಏಳನ್ನು ಒಂದೇ ಕಟ್ಟಿನಲ್ಲಿ ಮಾರಿದಾಗ ಕ್ಯಾಪ್ಟನ್ ಕಮಾಂಡೊ, ನೈಟ್ಸ್ ಆಫ್ ದಿ ರೌಂಡ್ ಎಲ್ಲ ಬಂದವು, ಇದು ಬರಲಿಲ್ಲ. ಮಾರ್ವೆಲ್ ಜೊತೆಗಿನ ಹಕ್ಕುಗಳು ಬಗೆಹರಿದು 2024ರಲ್ಲಿ ಪನಿಷರ್ ಎಂಬ ಆಟವೂ ಮರಳಿತು, ಇದು ಆಗಲೂ ಇಲ್ಲ. ಪಟ್ಟಿ ಮಾಡುವವರು ಹೆಚ್ಚಾಗಿ ಮನೆಯಲ್ಲಿ ಕನ್ಸೋಲ್ ಇಟ್ಟುಕೊಂಡು ಬೆಳೆದವರು. ಕಪಾಟಿನಲ್ಲಿರುವ ಆಟ ನೆನಪಿಗೆ ಬರುತ್ತದೆ. ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯ ಶಟರ್ ಎಳೆದಾಗ ಹೋದದ್ದು ಹೋಯಿತು. ಶ್ರೇಷ್ಠತೆ ಅಳೆಯುವಾಗ ಈ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ.

*

ಮೆಗಾ ಮ್ಯಾನ್ ಎಕ್ಸ್, 1993. ಮೊದಲ ಹಂತ ಒಂದು ಹೆದ್ದಾರಿ. ಹೀಗೆ ಮಾಡು, ಹಾಗೆ ಮಾಡು ಎಂಬ ಸೂಚನೆ ಒಂದಕ್ಷರವಿಲ್ಲ. ಹಾರುವ ದೊಡ್ಡ ಯಂತ್ರವೊಂದನ್ನು ಹೊಡೆದುರುಳಿಸಿದರೆ ಅದರ ಭಾರಕ್ಕೆ ರಸ್ತೆಯೇ ಕುಸಿದು ನಾಯಕ ಎಕ್ಸ್ ಹಳ್ಳಕ್ಕೆ ಬೀಳುತ್ತಾನೆ. ಹೊರಬರಲು ದಾರಿ ಕಾಣದು. ಗಾಬರಿಯಲ್ಲಿ ಗೋಡೆಗೆ ಒತ್ತಿಕೊಂಡು ಜಂಪ್ ಒತ್ತಿದರೆ ಆಹಾ, ಗೋಡೆ ಹತ್ತುತ್ತಾನೆ! ಮುಂದಿನ ಇಡೀ ಆಟಕ್ಕೆ ಬೇಕಾದ ವಿದ್ಯೆ ಅಷ್ಟರಲ್ಲಿ ಕೈಗೆ ಬಂದಿರುತ್ತದೆ. ಹಂತದ ಕೊನೆಗೆ ಎದುರಾಗುವವನನ್ನು ಗೆಲ್ಲಲು ಸಾಧ್ಯವೇ ಇಲ್ಲ, ಎಷ್ಟೇ ಚೆನ್ನಾಗಿ ಆಡಿದರೂ ಸೋಲು. ಆಗ ಕೆಂಪು ಕವಚದ ಜೀರೊ ಬಂದು ಬಿಡಿಸುತ್ತಾನೆ. ಇದನ್ನು ಆಡಿದವರೆಲ್ಲ ಜೀರೊ ಅಭಿಮಾನಿಗಳಾಗಿ ಎದ್ದು ಬರುತ್ತಾರೆ. ಹಣ ಕೊಟ್ಟು ಕೊಂಡವನನ್ನು ಮೊದಲ ಹತ್ತು ನಿಮಿಷದಲ್ಲೇ ಸೋಲಿಸುವ ಧೈರ್ಯ ಹೇಗೆ ಬಂತು ಅನ್ನುವುದು ನನಗೆ ಇನ್ನೂ ಅರ್ಥವಾಗಿಲ್ಲ.

*

ರೆಸಿಡೆಂಟ್ ಈವಿಲ್, 1996. ನಿರ್ದೇಶಕ ಶಿಂಜಿ ಮಿಕಾಮಿ. ಮೂರು ವರ್ಷ ಹಿಂದೆ ಇದೇ ಮಿಕಾಮಿ ಮಾಡಿದ್ದು ಡಿಸ್ನಿಯ ಅಲಾದ್ದೀನ್. ರತ್ನಗಂಬಳಿಯಿಂದ ನೇರ ಹೆಣಗಳ ಬಂಗಲೆಗೆ! ಈ ಪಯಣಕ್ಕೆ ನಡುವೆ ನಿಲ್ದಾಣವೇ ಇಲ್ಲವೇ?

ಆ ಬಂಗಲೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಪರದೆ ಕಪ್ಪಾಗುತ್ತದೆ. ಒಂದು ಬಾಗಿಲು ಮಾತ್ರ ಕಾಣುತ್ತದೆ. ಹಿಡಿ ತಿರುಗುತ್ತದೆ, ಕಿರ್ರೆನ್ನುತ್ತದೆ, ನಿಧಾನಕ್ಕೆ ತೆರೆಯುತ್ತದೆ. ಆಚೆ ಏನಿದೆಯೋ ಗೊತ್ತಿಲ್ಲ. ಆಡುವವನ ಭುಜ ಬಿಗಿಯುವುದನ್ನು ಹಿಂದಿನಿಂದ ಸ್ಪಷ್ಟವಾಗಿ ಕಾಣಬಹುದು. ವಿವರಣೆ ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಪ್ಲೇಸ್ಟೇಷನ್ನಿನ ಮೆಮೊರಿ 2 ಎಂಬಿ, ಸಿಡಿಯಿಂದ ಓದುವ ವೇಗ ಸೆಕೆಂಡಿಗೆ 300 ಕೆಬಿ, ಮುಂದಿನ ಕೋಣೆ ಲೋಡ್ ಆಗುವವರೆಗೆ ಕಣ್ಣಿಗೆ ಏನಾದರೂ ಕೊಡಬೇಕಲ್ಲ, ಅದಕ್ಕೆ ಬಾಗಿಲು.

ಕೇಳಲು ಚೆನ್ನಾಗಿದೆ, ಆದರೆ ನಂಬಿಕೆ ಪೂರ್ತಿ ಕೂರುವುದಿಲ್ಲ. ಈ ಆಟಕ್ಕೆ ಪ್ರೇರಣೆಯಾದ ಸ್ವೀಟ್ ಹೋಮ್ 1989ರದ್ದು, ಕಾರ್ಟ್ರಿಡ್ಜ್‌ನಲ್ಲಿ ಬಂದದ್ದು, ಸಿಡಿಯ ಹಾಗೆ ಕಾಯಬೇಕಾದದ್ದು ಏನೂ ಇರಲಿಲ್ಲ. ಅದರಲ್ಲೂ ಬಾಗಿಲು ತೆರೆಯುವ ದೃಶ್ಯವಿತ್ತು. ಅದರ ಹಿಂದಿದ್ದ ತೊಕುರೊ ಫುಜಿವಾರಾನೇ ರೆಸಿಡೆಂಟ್ ಈವಿಲ್‌ನ ನಿರ್ಮಾಪಕ. ಹಾಗಾದರೆ ಮೊದಲು ಬಂದದ್ದು ಭಯವೋ ಲೋಡಿಂಗೋ? 2002ರಲ್ಲಿ ಇದೇ ಆಟವನ್ನು ಹೊಸ ಯಂತ್ರಕ್ಕೆ ಮರಳಿ ಕಟ್ಟಿದಾಗಲೂ ಬಾಗಿಲನ್ನು ಬಿಡಲಿಲ್ಲ. 2019ರಲ್ಲಿ ಎರಡನೆಯ ಭಾಗವನ್ನು ಹೊಸದಾಗಿ ಮಾಡಿದಾಗ ತೆಗೆದರು. ಈಗ ಬಾಗಿಲಾಚೆಯ ಹೆಣ ಬಾಗಿಲು ದೂಡಿಕೊಂಡು ಬೆನ್ನಟ್ಟಿಯೇ ಬರುತ್ತದೆ. ಅದೂ ಭಯವೇ, ಜಾತಿ ಬೇರೆ. ಹಳೆಯದೇ ಮೇಲು ಎಂಬುದು ನನ್ನ ವೋಟು.

ಎರಡನೆಯ ಭಾಗದ ವಿಷಯಕ್ಕೆ ಬಂದರೆ, 1998ರಲ್ಲಿ ಜನ ಕಂಡದ್ದು ಅದರ ಮೊದಲ ರೂಪವಲ್ಲ. ಅರ್ಧಕ್ಕಿಂತ ಹೆಚ್ಚು ಮುಗಿದಿದ್ದ ಒಂದು ಆಟವನ್ನು ಸಪ್ಪೆ ಎಂದು ಎಸೆದು ನಿರ್ದೇಶಕ ಹಿದೆಕಿ ಕಮಿಯನ ತಂಡ ಮತ್ತೆ ಮೊದಲಿನಿಂದ ಮಾಡಿತು. ಮರುವರ್ಷ ಏಂಜೆಲ್ ಸ್ಟುಡಿಯೋಸ್ ಎಂಬ ಕಂಪನಿ ಎರಡು ಸಿಡಿಯ ಆ ಆಟವನ್ನು, ವಿಡಿಯೋ ದೃಶ್ಯಗಳ ಸಮೇತ, ನಿಂಟೆಂಡೊ 64ರ 64 ಎಂಬಿ ಕಾರ್ಟ್ರಿಡ್ಜ್‌ಗೆ ಹಿಂಡಿ ತುಂಬಿತು. ಹೇಗೆ ಎಂದು ಎಂಜಿನಿಯರ್ ಒಬ್ಬರನ್ನು ಕೇಳಿದೆ. ಬಹಳ ಹೊತ್ತು ವಿವರಿಸಿದರು. ತಲೆಯಾಡಿಸಿದೆ.

*

ದಶಕದ ಕೊನೆಯ ಸೋಜಿಗ ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್. 1999. ಇದರಲ್ಲಿ ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಕೋಲನ್ನು ಮುಂದಕ್ಕೆ, ಅಂದರೆ ಏಟಿನ ಕಡೆಗೇ, ತಟ್ಟಿದರೆ ಏಟು ವ್ಯರ್ಥ. ಪ್ಯಾರಿ ಅನ್ನುತ್ತಾರೆ. ಚೂರು ತಪ್ಪಿದರೆ ಪೂರಾ ಪೆಟ್ಟು. ಅಂಗಡಿಗಳು ಖಾಲಿಯಾಗುತ್ತಿದ್ದ ಹೊತ್ತಿನಲ್ಲಿ ಇಷ್ಟು ಕಠಿಣವಾದದ್ದನ್ನು ಯಾರಿಗೆಂದು ಮಾಡಿದರೋ. 2004ರಲ್ಲಿ ಕ್ಯಾಲಿಫೋರ್ನಿಯಾದ ಈವೊ ಪಂದ್ಯಾವಳಿಯಲ್ಲಿ ಜಪಾನಿನ ದೈಗೊ ಉಮೆಹಾರಾ ಕೆನ್ ಆಗಿಯೂ ಅಮೆರಿಕದ ಜಸ್ಟಿನ್ ವಾಂಗ್ ಚುನ್-ಲೀ ಆಗಿಯೂ ಎದುರಾದರು. ದೈಗೊನ ಜೀವದ ಪಟ್ಟಿಯಲ್ಲಿ ಒಂದು ಗೆರೆ ಮಾತ್ರ ಉಳಿದಿತ್ತು. ಸುಮ್ಮನೆ ಅಡ್ಡ ಹಿಡಿದರೂ ತಾಗುವ ಸಣ್ಣ ಪೆಟ್ಟಿಗೇ ಸಾಯಬೇಕು. ವಾಂಗ್ ಹದಿನೈದು ಒದೆತಗಳ ಸೂಪರ್ ಬಿಟ್ಟ. ದೈಗೊ ಹದಿನೈದನ್ನೂ ಒಂದೊಂದಾಗಿ ಪ್ಯಾರಿ ಮಾಡಿ, ಕೊನೆಯದನ್ನು ಗಾಳಿಯಲ್ಲಿ ಹಾರಿಯೇ ತಡೆದು, ಇಳಿದು, ತನ್ನ ಕಾಂಬೊ ಹಾಕಿ ಸುತ್ತು ಗೆದ್ದ. ಅದರ ವಿಡಿಯೋ ಹುಡುಕಿ ನೋಡಿ. ನಾಲ್ಕನೆಯ ಒದೆತಕ್ಕೆಲ್ಲ ಜನರ ಕೂಗು ಶುರುವಾಗಿ ಆಟದ ಸದ್ದನ್ನೇ ಮುಳುಗಿಸುತ್ತದೆ. ಆ ಪಂದ್ಯಾವಳಿಯ ಕಪ್ ಮಾತ್ರ ದೈಗೊಗೆ ಸಿಗಲಿಲ್ಲ; ಮುಂದಿನ ಪಂದ್ಯದಲ್ಲಿ ಸೋತ.