ಕಡಲ ನಡುವಿನ ಎರಡು ದ್ವೀಪಗಳು

ಕುಟುಂಬಸಮೇತ ಕಡಲತೀರಕ್ಕೆ ಹೊರಡುವ ಗೃಹಸ್ಥರು ದ್ವೀಪವೊಂದನ್ನು ಆರಿಸುವಾಗ ಚೆಲುವಿನೊಡನೆ ಹಿರಿಯರ ಕಾಲಿನ ಕಸುವು, ಮಕ್ಕಳ ಸುರಕ್ಷತೆ, ಋತುಮಾನ ಇವನ್ನೂ ತೂಗಿ ನೋಡುವುದು ವಿವೇಕ. ಈ ದೃಷ್ಟಿಯಿಂದ ಅಂಡಮಾನಿನ ಎರಡು ದ್ವೀಪಗಳು ವಿಚಾರಾರ್ಹವಾಗಿವೆ.

2018ರವರೆಗೆ ಹ್ಯಾವ್‌ಲಾಕ್ ಎನಿಸಿಕೊಂಡಿದ್ದ ಸ್ವರಾಜ್ ದ್ವೀಪದಲ್ಲಿ ರಾಧಾನಗರ ತೀರವಿದೆ. ಬೆನ್ನಿಗೆ ದಟ್ಟ ಕಾಡು, ಕಾಲಡಿ ಬಿಳಿಮರಳು, ಎದುರಿಗೆ ಸೂರ್ಯಾಸ್ತ. ಅದರ ಕೀರ್ತಿ ಸಹಜವೇ. ಆದರೆ ಆ ಸಮುದ್ರದಲ್ಲಿ ಉಪ್ಪುನೀರಿನ ಮೊಸಳೆಗಳೂ ಉಂಟು. ಎಚ್ಚರಿಕೆಯ ಫಲಕವನ್ನು ಮೀರಿ ನೀರಿಗಿಳಿಯಲಾಗದು.

ನೆರೆಯ ನೀಲ್, ಇಂದಿನ ಶಹೀದ್ ದ್ವೀಪ, ಗದ್ದೆ ತೋಟಗಳ ಪುಟ್ಟ ನೆಲ. ಭರತ್‌ಪುರ, ಲಕ್ಷ್ಮಣ್‌ಪುರ, ಸೀತಾಪುರ ಎಂಬ ತೀರಗಳ ಹೆಸರು ಕೇಳಿದೊಡನೆ ಹಿರಿಯರ ಮುಖ ಅರಳೀತು. ಇಳಿತದ ವೇಳೆ ಆಳವಿಲ್ಲದ ನೀರಿನಲ್ಲಿ ಹವಳ ಕಾಣುತ್ತದೆ. ಅದು ಸಜೀವ ಪ್ರಾಣಿಗಳ ಮನೆ. ತುಳಿಯುವುದು ಸಲ್ಲದು, ಮುರಿದು ತರುವುದು ಕಾನೂನಿನಂತೆ ಅಪರಾಧವೂ ಹೌದು.

ಮುದುಕರು, ಎಳೆಯರು ಜೊತೆಗಿದ್ದರೆ ಶಹೀದ್ ದ್ವೀಪವೇ ಲೇಸು. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಲ ಹಿತಕರ. ಕಡಲು ಕೆರಳಿದರೆ ಹಡಗಿನ ಸಂಚಾರ ನಿಲ್ಲುವುದರಿಂದ ಮರಳುವ ಮುನ್ನ ಒಂದು ದಿನ ಬಿಡುವಿಟ್ಟುಕೊಳ್ಳಬೇಕು.

ಆ ದಿನವನ್ನು, 2024ರಲ್ಲಿ ಶ್ರೀ ವಿಜಯಪುರಂ ಎಂಬ ಹೆಸರು ಪಡೆದ ಪೋರ್ಟ್ ಬ್ಲೇರಿನಲ್ಲಿ ಕಳೆಯಿರಿ. 1906ರಲ್ಲಿ ಪೂರ್ಣಗೊಂಡ ಸೆಲ್ಯುಲರ್ ಜೈಲಿನ ಏಳು ಸಾಲುಗಳಲ್ಲಿ ಮೂರು ಉಳಿದಿವೆ. ಆ ಒಂಟಿ ಕೋಣೆಗಳನ್ನು ಮಕ್ಕಳಿಗೆ ತೋರಿಸಿರಿ. 1943ರಲ್ಲಿ ಸುಭಾಷಚಂದ್ರ ಬೋಸರು ಈ ದ್ವೀಪಸಮೂಹಕ್ಕೆ ಶಹೀದ್, ಸ್ವರಾಜ್ ಎಂಬ ಹೆಸರುಗಳನ್ನೇ ಏಕೆ ಆರಿಸಿದರೆಂಬುದು ಅವರಿಗೆ ತಾನಾಗಿ ತಿಳಿಯುವುದು.